ಬಿಟ್ಟ ನಾಲ್ಕು ಪುಟ

"ಪುಟ ನಾನೂರ ಹದಿನಾರು" ಎಂದು ಕೂಗಿ ತಂಗಿ ಮುಂದಿನ ಸಾಲಿಗೆ ಬಾಯಿ ತೆರೆದಿದ್ದಳು, ಅಷ್ಟರಲ್ಲಿ ಅಣ್ಣನ ಬಲಗೈ ಮೇಲೆದ್ದಿತು.

ಆ ಕೈ ಎದ್ದರೆ ಓದು ನಿಲ್ಲಬೇಕು. ಪ್ರೆಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ನಡೆದುಬಂದ ಕಾನೂನು ಅದು. ಅವಳು ನಿಲ್ಲಿಸಿದಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದಿಳಿದು ಅವನ ಮೊಣಕಾಲಿನ ಮೇಲೆ ಬಿದ್ದಿತ್ತು. ಕೆಳಗಿನ ಮನೆಯವರು ಬಟ್ಟೆ ಒಗೆಯುತ್ತಿದ್ದರು.

"ಎಷ್ಟಂದೆ?"

"ನಾನೂರ ಹದಿನಾರು."

"ಅದಕ್ಕೆ ಮುಂಚೆ ಎಷ್ಟು ಕೂಗಿದ್ದೆ?"

ನಾನೂರ ಹನ್ನೊಂದು ಎಂದು ಅವಳೇ ಕೂಗಿ ಐದು ನಿಮಿಷವೂ ಆಗಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇವಳ ಬಾಯಿಂದ ಜಾರಿದ್ದು ಮಾತು ಕೂಡ ಅಲ್ಲ, ಬರೀ ಒಂದು ಸಂಖ್ಯೆ. ಮೂರು ಹಾಳೆಯನ್ನು ಸದ್ದಾಗದಂತೆ ಒಟ್ಟಿಗೆ ತಿರುಗಿಸುವಷ್ಟು ಜಾಣತನ ಇತ್ತು, ನಾಲಿಗೆಯನ್ನು ಕಟ್ಟಿಹಾಕುವಷ್ಟು ಇರಲಿಲ್ಲ.

ಇಬ್ಬರೂ ಒಂದೇ ಪ್ರೆಸ್ಸಿನ ಅನ್ನ ತಿಂದವರು. ಅಣ್ಣ ಕರಡು ತಿದ್ದುವವನು. ಬೇರೆಯವರು ಮೂರು ಸಲ ನೋಡಿ ಕಳಿಸಿದ ಹಾಳೆಯಲ್ಲೂ ಅವನು ನಾಲ್ಕು ತಪ್ಪು ಹೆಕ್ಕಿ ತೆಗೆಯುತ್ತಿದ್ದ. ಅದಕ್ಕೇ ಅಲ್ಲಿಯವರು ಅವನಿಗೆ ಸೂಜಿಗಣ್ಣ ಎಂದು ಹೆಸರಿಟ್ಟಿದ್ದರು. ತಂಗಿಯ ಗಂಡ ತೀರಿಕೊಂಡ ವರ್ಷ ಅವನು ಅವಳನ್ನು ಕರೆದುಕೊಂಡು ಹೋಗಿ ತನ್ನೆದುರಿನ ಸ್ಟೂಲಿನ ಮೇಲೆ ಕೂರಿಸಿದ. "ಮನೇಲಿ ಕೂತು ಅಳೋ ಬದಲು ಇಲ್ಲಿ ಕೂತು ಓದು" ಎಂದ. ಅಂದಿನಿಂದ ಲೇಖಕರ ಕೈಬರಹವನ್ನು ಗಟ್ಟಿಯಾಗಿ ಓದುವುದು ಅವಳ ಕೆಲಸ, ಅಚ್ಚಾದ ಹಾಳೆಯಲ್ಲಿ ಬೆರಳಿಟ್ಟು ಅದನ್ನು ಹಿಂಬಾಲಿಸುವುದು ಅವನ ಕೆಲಸ. ಅದು ಕಥೆ ಓದಿದಂತಲ್ಲ. ಕಾಮಾ ಬಂದರೆ ಕಾಮಾ ಎನ್ನಬೇಕು, ವಾಕ್ಯ ಮುಗಿದರೆ ಫುಲ್‌ಸ್ಟಾಪ್ ಎನ್ನಬೇಕು, ಹಾಳೆ ತಿರುಗಿದರೆ ಪುಟದ ಸಂಖ್ಯೆ ಕೂಗಬೇಕು. ಮೊದಲ ತಿಂಗಳು ಅವಳು ಮನೆಯಲ್ಲೂ "ಊಟಕ್ಕೆ ಬಾ ಕಾಮಾ ತಣ್ಣಗಾಗುತ್ತೆ ಫುಲ್‌ಸ್ಟಾಪ್" ಎನ್ನುತ್ತಾಳೆಂದು ಅಣ್ಣನೇ ಪ್ರೆಸ್ಸಿನಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದ.

ಅಂಥ ಸೂಜಿಗಣ್ಣನ ಕಣ್ಣಿಗೇ ಹೋದ ವರ್ಷ ಕುತ್ತು ಬಂತು. ಆಗ ಅವನ ಮೇಜಿನ ಮೇಲಿದ್ದದ್ದು ಈ ಕಾದಂಬರಿ. ಏಳುನೂರ ನಲವತ್ತು ಪುಟ. ಹಳೆಯ ಪುರಾಣಗಳನ್ನೆಲ್ಲ ಜಾಲಾಡಿ ಯಾರೋ ಪುಣ್ಯಾತ್ಮ ಕಟ್ಟಿದ ಲೋಕ. ಸೂರ್ಯನನ್ನು ಒಂದು ಸರ್ಪ ನುಂಗಿದೆ, ಆ ಕತ್ತಲಲ್ಲೇ ಮೂರು ತಲೆಮಾರಿನ ಜನ ಹುಟ್ಟಿ ಸತ್ತಿದ್ದಾರೆ. ಕಥೆ ಒಂದು ಹೆಜ್ಜೆ ಮುಂದಿಟ್ಟರೆ ಎರಡು ಹೆಜ್ಜೆ ಹಿಂದಿಡುತ್ತದೆ. ಕೆಲವು ವಾಕ್ಯಗಳು ಒಂದೂವರೆ ಪುಟ. ಒಬ್ಬೊಬ್ಬ ದೇವರಿಗೂ ಬದುಕಿದ್ದಾಗ ಒಂದು ಹೆಸರು, ಸತ್ತ ಮೇಲೆ ಒಂದು, ಶತ್ರುಗಳ ಬಾಯಲ್ಲಿ ಇನ್ನೊಂದು. "ಇವರು ಬ್ಯಾಂಕಲ್ಲಿ ಖಾತೆ ತೆಗೆಯೋಕೆ ಹೋದ್ರೆ ಮ್ಯಾನೇಜರು ಹಿಂಬಾಗಿಲಿಂದ ಓಡ್ತಾನೆ" ಎಂದು ತಂಗಿ ನಕ್ಕಿದ್ದಳು. ಇನ್ನೂರ ಅರವತ್ತನೇ ಪುಟಕ್ಕೆ ಬರುವಷ್ಟರಲ್ಲಿ ಅಣ್ಣನಿಗೆ ಸಾಲುಗಳು ಒಂದರೊಳಗೊಂದು ಕಲಸಿಹೋಗತೊಡಗಿದವು. ಕೆಲವೇ ತಿಂಗಳಲ್ಲಿ ಏನೂ ಕಾಣದಾಯಿತು. ಪ್ರೆಸ್ಸಿನ ಮಾಲೀಕರು ಉಳಿದ ಹಾಳೆಗಳನ್ನು ಬೇರೆಯವರಿಗೆ ಕೊಟ್ಟರು. ಪುಸ್ತಕ ಹೊರಬಂದಾಗ ಮರ್ಯಾದೆಗೆ ಒಂದು ಪ್ರತಿ ಮನೆಗೆ ಕಳಿಸಿದರು.

"ಜೀವಮಾನದಲ್ಲಿ ಅರ್ಧಕ್ಕೆ ಬಿಟ್ಟ ಕೆಲಸ ಇದೊಂದೇ ಕಣೆ" ಎಂದ ಅಣ್ಣ. "ಮಿಕ್ಕಿದ್ದು ನೀನು ಓದು. ಕಾಮಾ ಗೀಮಾ ಬೇಡ, ಸುಮ್ಮನೆ ಓದು."

ಹಾಗೆ ಶುರುವಾಯಿತು, ದಿನಾ ಮಧ್ಯಾಹ್ನ ಊಟವಾದ ಮೇಲೆ. ಕಾಮಾಗಳನ್ನು ಅವಳು ಬಿಟ್ಟಳು, ಪುಟದ ಸಂಖ್ಯೆ ಮಾತ್ರ ನಾಲಿಗೆ ಬಿಟ್ಟು ಹೋಗಲಿಲ್ಲ. ಅರ್ಧಕ್ಕರ್ಧ ಇಬ್ಬರಿಗೂ ಅರ್ಥವಾಗುತ್ತಿರಲಿಲ್ಲ. ಮುನ್ನೂರನೇ ಪುಟದಲ್ಲಿ ಸತ್ತವಳು ಮುನ್ನೂರ ನಲವತ್ತರಲ್ಲಿ ಹಸುಗೂಸಾಗಿ ಅಳುತ್ತಿದ್ದರೆ ಇಬ್ಬರೂ ಹಿಂದಕ್ಕೆ ಹೋಗಿ ಮತ್ತೆ ಓದಿ, ಜಗಳವಾಡಿ, ಕಡೆಗೆ ಕೈಚೆಲ್ಲುತ್ತಿದ್ದರು. ಆದರೆ ಅದರಲ್ಲೊಬ್ಬ ಮುದುಕನಿದ್ದ, ಸೂರ್ಯನ ರಥದ ಗಾಲಿಗೆ ಎಣ್ಣೆ ಹಾಕುವವನು. ದೇವರೂ ಅಲ್ಲ, ರಾಕ್ಷಸನೂ ಅಲ್ಲ. ಸೂರ್ಯನೇ ಇಲ್ಲದಿದ್ದರೂ ಎದ್ದ ಕೂಡಲೇ ಹೋಗಿ ಗಾಲಿಗೆ ಎಣ್ಣೆ ಬಿಡುತ್ತಿದ್ದ, ನಾಳೆ ರಥ ಹೊರಟಾಗ ಕಿರುಗುಟ್ಟಿದರೆ ಬೈಸಿಕೊಳ್ಳುವವನು ತಾನು ತಾನೇ ಎಂದು ಗೊಣಗುತ್ತಿದ್ದ. ಅವನು ಬಂದಾಗಲೆಲ್ಲ ಅಣ್ಣ ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಿದ್ದ. "ಇವನು ನಮ್ಮ ಪೈಕಿ" ಎನ್ನುತ್ತಿದ್ದ.

ಆ ಮುದುಕ ಎಣ್ಣೆಯ ಡಬ್ಬಿ ಹಿಡಿದುಕೊಂಡು ಸರ್ಪದ ಬಾಯಿಯೊಳಗೆ ಇಳಿದು, ನಾಲ್ಕು ಪುಟಗಳಲ್ಲಿ ಇಂಚಿಂಚಾಗಿ ಕರಗಿಹೋಗುವುದನ್ನು ತಂಗಿ ಬೆಳಿಗ್ಗೆ ಅಡುಗೆಮನೆಯಲ್ಲಿ ಮುಂದಾಗಿ ಓದಿಕೊಂಡಿದ್ದಳು. ಓದಿ ಪುಸ್ತಕ ಮುಚ್ಚಿ, ಒಲೆಯ ಮೇಲಿನ ಪಾತ್ರೆ ಸೀದರೂ ಗೊತ್ತಾಗದಂತೆ ನಿಂತಿದ್ದಳು. ಇದನ್ನು ಅಣ್ಣನಿಗೆ ಓದಲು ತನ್ನಿಂದ ಆಗುವುದಿಲ್ಲ ಎನ್ನಿಸಿತ್ತು.

ಆಗದಿರುವುದಕ್ಕೆ ಕಾರಣ ಬೇರೆಯೇ ಇತ್ತು, ಅದು ಅವಳ ಪೆಟ್ಟಿಗೆಯಲ್ಲಿ ಸೀರೆಗಳ ಕೆಳಗಿತ್ತು. ಮೂರು ತಿಂಗಳ ಹಿಂದೆ, ಮೊದಲ ಆಪರೇಷನ್ ಆದ ಮೇಲಿನ ತಪಾಸಣೆಯ ದಿನ, ಡಾಕ್ಟರು "ಎಲ್ಲಾ ಬರೆದಿದ್ದೀನಿ, ನಿಧಾನವಾಗಿ ಓದಿಸಿಕೊಳ್ಳಿ" ಎಂದು ಒಂದು ಕಾಗದ ಕೊಟ್ಟು ಎದ್ದುಹೋದರು. ಆಸ್ಪತ್ರೆಯ ಮೊಗಸಾಲೆಯ ಬೆಂಚಿನ ಮೇಲೆ ಕೂತು ಅಣ್ಣ "ಓದು" ಎಂದ. ಅವಳು ಮೇಲಿನ ಸಾಲನ್ನು ಹಾರಿಸಿ, ಎರಡನೇ ಸಾಲಿನ ಮೊದಲ ತುಂಡನ್ನು ಮಾತ್ರ ಓದಿದಳು: ಆರು ತಿಂಗಳ ನಂತರ ಎರಡನೇ ಶಸ್ತ್ರಚಿಕಿತ್ಸೆ. ಅಷ್ಟಕ್ಕೇ ಅಣ್ಣನ ಮುಖ ಅರಳಿತು. ಅರಳಿದ ಆ ಮುಖವನ್ನು ನೋಡಿಕೊಂಡು ಮುಂದಿನದನ್ನು ಓದುವ ಧೈರ್ಯ ಅವಳಿಗೆ ಬರಲಿಲ್ಲ. ನಾಳೆ ಹೇಳೋಣ, ಈ ವಾರ ಕಳೆಯಲಿ ಎನ್ನುತ್ತ ಮೂರು ತಿಂಗಳಾಯಿತು. ಅಷ್ಟರಲ್ಲಿ ಅವನು ಮಾಲೀಕರಿಗೆ ಫೋನು ಮಾಡಿಸಿ ತನ್ನ ಕುರ್ಚಿ ಯಾರಿಗೂ ಕೊಡಬೇಡಿ ಎಂದಿದ್ದ. ಹೊತ್ತಿಗೆ ಸರಿಯಾಗಿ ಕಣ್ಣಿಗೆ ಔಷಧಿ ಬಿಡಿಸಿಕೊಳ್ಳುತ್ತಿದ್ದ. "ಇನ್ನು ಮೂರೇ ತಿಂಗಳು" ಎಂದು ನಿನ್ನೆ ಹೇಳಿದಾಗ ಅವಳು ಪಾತ್ರೆ ತೊಳೆಯುವ ನೆಪದಲ್ಲಿ ಎದ್ದುಹೋಗಿದ್ದಳು.

"ನಾಲ್ಕು ಪುಟ ಎಲ್ಲೋಯ್ತು?" ಅಣ್ಣ ಈಗ ಕೇಳಿದ.

"ವಂಶಾವಳಿ ಅಣ್ಣಾ. ಯಾರ ಮಗ ಯಾರು, ಯಾರ ಮೊಮ್ಮಗ ಯಾರು ಅಂತ. ಬೇಜಾರಾಗುತ್ತೇಂತ ಬಿಟ್ಟೆ."

"ಮುದುಕ ಹಾವಿನ ಬಾಯಿ ಮುಂದೆ ನಿಂತಿದ್ದಾನೆ. ಆ ಹೊತ್ತಲ್ಲಿ ಯಾವನಾದ್ರೂ ವಂಶಾವಳಿ ಬರೀತಾನಾ?"

"ಬರೆದೋನ್ನ ಕೇಳು, ನನ್ನೇನು ಕೇಳ್ತೀಯ."

ಬೇರೆ ದಿನವಾಗಿದ್ದರೆ ಅವನು ನಗುತ್ತಿದ್ದ. "ಸತ್ನಾ?" ಎಂದ.

"ಹೂಂ."

"ಸೂರ್ಯ ಸಿಕ್ಕಿದ್ನಾ?"

"ಇಲ್ಲ. ಹಾವಿನ ಹೊಟ್ಟೇಲಿ ಬರೀ ಬೂದಿ ಇತ್ತಂತೆ."

ಅಣ್ಣ ಕುರ್ಚಿಯ ತೋಳನ್ನು ಬೆರಳಿಂದ ಸವರಿದ. "ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡೀತು ಅಂತಾರಲ್ಲ" ಎಂದ. "ಇಲ್ಲಿ ಕಣ್ಣು ಮುಚ್ಚಿರೋದು ನಂದು, ಹಾಲು ಕುಡಿದೋಳು ನೀನು. ಅಲ್ಲ ಪುಟ್ಟೀ, ಅಕ್ಷರ ತಪ್ಪಿದ್ರೆ ಓದೋನೇ ಸರಿಮಾಡ್ಕೋತಾನೆ. ಸಾಲೇ ಬಿಟ್ಟುಹೋದ್ರೆ ಅವನಿಗೆ ಹೇಗೆ ಗೊತ್ತಾಗಬೇಕು? ಮೊದಲನೇ ದಿನ ಹೇಳಿಕೊಟ್ಟಿರಲಿಲ್ವಾ ನಿಂಗೆ?"

"ಕಥೆ ತಾನೇ ಅಣ್ಣಾ. ನಿಂಗೆ ಇಷ್ಟದವನು ಅಂತ..."

"ಇನ್ನೂ ಏನೇನು ಬಿಟ್ಟಿದ್ದೀಯ?"

"ದೇವರಾಣೆಗೂ ಈ ಪುಸ್ತಕದಲ್ಲಿ ಇನ್ನೇನೂ ಬಿಟ್ಟಿಲ್ಲ."

ಅಂದದ್ದೇ ತಡ, ತಾನು ಏನಂದೆ ಎಂದು ಅವಳಿಗೆ ಗೊತ್ತಾಯಿತು. ಈ ಪುಸ್ತಕದಲ್ಲಲ್ಲದಿದ್ದರೆ ಇನ್ನೆಲ್ಲಿ ಎಂದು ಅವನಿಗೂ ಹೊಳೆಯಿತು. ಕಣ್ಣು ಹೋದರೂ ಅವನ ಕಿವಿ ಹೋಗಿರಲಿಲ್ಲ. ಕೆಳಗೆ ಬಟ್ಟೆ ಒಗೆಯುವ ಸದ್ದು ನಿಂತು, ಯಾರೋ ಬಕೆಟ್ಟಿನ ನೀರನ್ನು ಚೆಲ್ಲಿದರು.

"ಆಸ್ಪತ್ರೆ ಕಾಗದ ತಗೊಂಡು ಬಾ" ಎಂದ ಅಣ್ಣ.

ಅವಳು ಒಳಗೆ ಹೋಗಿ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ಕೂತಳು. ಹೋದ ಸಲ ಓದಿದ್ದನ್ನೇ ಮತ್ತೆ ಓದಿಬಿಡಬಹುದು, ಯಾರು ಕಂಡರು ಎಂದುಕೊಂಡಳು. ಇನ್ನೂ ಮೂರು ತಿಂಗಳು ಅವನು ಸುಖವಾಗಿರಲಿ. ಹಾಗೇ ನಿರ್ಧಾರ ಮಾಡಿಕೊಂಡು ಬಂದು ಎದುರಿಗೆ ಕೂತಳು.

"ಸುಮ್ಮನೆ ಓದಬೇಡ" ಎಂದ ಅಣ್ಣ. "ಪ್ರೆಸ್ಸಲ್ಲಿ ಓದೋ ಹಾಗೆ ಓದು. ಕಾಮಾ ಸಮೇತ."

ಅವಳ ನಿರ್ಧಾರ ಅಲ್ಲಿಗೇ ಮುರಿದುಬಿತ್ತು. ಆ ದನಿಯಲ್ಲಿ ಅವಳು ಇಪ್ಪತ್ತೆಂಟು ವರ್ಷದಲ್ಲಿ ಒಂದು ಚುಕ್ಕೆಯನ್ನೂ ಬಿಟ್ಟು ಓದಿದವಳಲ್ಲ. ಬಿಡುವುದು ಹೇಗೆಂದು ಆ ದನಿಗೆ ಗೊತ್ತೇ ಇರಲಿಲ್ಲ. ಕಾಗದವನ್ನು ಬಿಸಿಲಿಗೆ ಹಿಡಿದು ಶುರುಮಾಡಿದಳು.

"ಎರಡೂ ಕಣ್ಣುಗಳ ನರ ಪೂರ್ತಿ ಒಣಗಿದೆ ಫುಲ್‌ಸ್ಟಾಪ್ ಆರು ತಿಂಗಳ ನಂತರ ಎರಡನೇ ಶಸ್ತ್ರಚಿಕಿತ್ಸೆ ಮಾಡುವ ಆಲೋಚನೆ ಮೊದಲು ಇತ್ತು ಕಾಮಾ ಈಗ ಅದನ್ನು ಕೈಬಿಡಲಾಗಿದೆ ಫುಲ್‌ಸ್ಟಾಪ್ ದೃಷ್ಟಿ ಮರಳುವ ಸಾಧ್ಯತೆ ಇಲ್ಲ ಫುಲ್‌ಸ್ಟಾಪ್."

ಅಣ್ಣ ತಲೆಯನ್ನು ಒಂದು ಕಡೆ ವಾಲಿಸಿ ಕೇಳಿದ, ಕರಡಿನಲ್ಲಿ ಏನೋ ಎಡವಟ್ಟಿದೆ ಎನ್ನಿಸಿದಾಗ ಕೇಳುತ್ತಿದ್ದ ಹಾಗೆ. "ಇನ್ನೊಂದ್ಸಲ" ಎಂದ.

ಅವಳು ಇನ್ನೊಂದು ಸಲ ಓದಿದಳು.

"ಎರಡೂ ಅಂತಾನೇ ಇದೆಯಾ? ಬಲಗಣ್ಣು ಅಂತಾನೋ ಎಡಗಣ್ಣು ಅಂತಾನೋ ಇಲ್ವಾ?"

"ಎರಡೂ ಅಂತಿದೆ ಅಣ್ಣಾ."

"ಮೇಲೆ ಹೆಸರು ನಂದೇನಾ ನೋಡು. ಬೇರೆಯವರ ಕಾಗದ ಕೊಟ್ಟುಬಿಟ್ಟಿರ್ತಾರೆ ಒಂದೊಂದ್ಸಲ."

"ನಿಂದೇ."

"ವಯಸ್ಸು?"

"ಅರವತ್ತಾರು."

"ತಾರೀಕು?"

ಅವಳು ತಾರೀಕು ಹೇಳಿದಳು. ಅದೂ ಸರಿಯಾಗಿತ್ತು. ಅವಳಿಗೆ ಅಳು ಒತ್ತರಿಸಿಕೊಂಡು ಬರುತ್ತಿತ್ತು. ಕಾಗದದಲ್ಲಿ ಒಂದೇ ಒಂದು ತಪ್ಪು ಸಿಕ್ಕಿದ್ದರೂ ಸಂತೋಷಕ್ಕೆ ಅಣ್ಣನ ಕಾಲಿಗೆ ಬೀಳುತ್ತಿದ್ದಳು. "ನನ್ನ ಬೈದುಬಿಡು ಅಣ್ಣಾ" ಎಂದಳು. ಅವನು ಬೈಯಲಿಲ್ಲ. ಅವಳ ಕಡೆ ಮುಖ ಕೂಡ ತಿರುಗಿಸಲಿಲ್ಲ.

"ಮತ್ತೆ ಓದು" ಎಂದ.

ಮೂರನೇ ಸಲ ಓದುವಾಗ ಅವನ ತುಟಿ ಅಲುಗುತ್ತಿತ್ತು. ನಾಲ್ಕನೇ ಸಲಕ್ಕೆ ಅವಳ ದನಿಯ ಜೊತೆ ಅವನ ದನಿಯೂ ಸೇರಿತು. ಕಾಮಾ ಬಂದ ಕಡೆ ಅವಳ ಓದು ನಿಂತುಹೋಯಿತು. ಅಣ್ಣ ನಿಲ್ಲಲಿಲ್ಲ. ಕಾಗದ ಅವಳ ಮಡಿಲಲ್ಲಿ ಬಿದ್ದಿತ್ತು, ಅವನು ಒಬ್ಬನೇ, ಒಂದೊಂದೇ ಪದವನ್ನು ಬಿಡಿಸಿ ಇಟ್ಟಂತೆ, ಕಡೆಯ ಫುಲ್‌ಸ್ಟಾಪಿನ ತನಕ ಹೇಳಿ ಮುಗಿಸಿದ. ಆಮೇಲೆ ಕರಡಿನ ಹಾಳೆಯ ಮೇಲಿಡುವಂತೆ ತೋರುಬೆರಳನ್ನು ಬರಿ ಮೊಣಕಾಲಿನ ಮೇಲೆ ಎಡತುದಿಗೆ ತಂದಿಟ್ಟು, ಮತ್ತೆ ಮೊದಲಿನಿಂದ ಶುರುಮಾಡಿದ.