ಗೊರವಂಕಗಳ ಕಾವಲು

ನನ್ನ ಜಂಬ ಕೇಳದ ಕಿವಿ ನಮ್ಮ ಮೃಗಾಲಯದಲ್ಲಿ ಒಂದೂ ಇರಲಿಲ್ಲ. "ದೊಡ್ಡಮ್ಮನಿಗೆ ನನ್ನ ಹೆಜ್ಜೆ ಗೊತ್ತು ಕಣ್ರೀ" ಎಂದು ಟಿಕೆಟ್ ಹರಿಯುವವನಿಂದ ಹಿಡಿದು ದೊಡ್ಡ ಸಾಹೇಬರವರೆಗೆ ಎಲ್ಲರ ಮುಂದೂ ಕೊಚ್ಚಿಕೊಂಡಿದ್ದೆ.

ದೊಡ್ಡಮ್ಮ ಎಂದರೆ ನಮ್ಮ ಮುದಿ ಘೇಂಡಾಮೃಗ. ಎರಡು ಟನ್ ತೂಕ, ಕಣ್ಣು ಮಂಜು, ಕಿವಿಯೂ ಈಚೆಗೆ ಮಂದ. ಅದನ್ನು ಇಪ್ಪತ್ತೆರಡು ವರ್ಷದಿಂದ ನೋಡಿಕೊಳ್ಳುತ್ತಿದ್ದವನು ನಾನು. ಒಳಗೆ ಕಾಲಿಡುವ ಮುಂಚೆ ಗೇಟಿನಲ್ಲಿ ನಿಂತು ಗಟ್ಟಿಯಾಗಿ ಕೂಗಬೇಕು, ಅದು ಕಿವಿ ಈ ಕಡೆ ತಿರುಗಿಸಿದ ಮೇಲೆಯೇ ಚಿಲಕ ತೆಗೆಯಬೇಕು ಎಂಬುದು ನಿಯಮ. ನಾನು ಒಂದು ದಿನವೂ ಕೂಗಿದವನಲ್ಲ. ಗೇಟಿನ ಹತ್ತಿರ ಬರುವಷ್ಟರಲ್ಲಿ ಅದರ ಎರಡೂ ಕಿವಿ ನನ್ನ ಕಡೆಗೇ ಇರುತ್ತಿದ್ದವು. ಇನ್ನು ಕೂಗುವುದೇನು ಬಂತು?

ಅದರ ಬೆನ್ನ ಮೇಲೆ ಸದಾ ಏಳೆಂಟು ಗೊರವಂಕಗಳು. ಉಣ್ಣಿ ಹೆಕ್ಕುವುದು, ಕಿವಿಯೊಳಗೆ ಕೊಕ್ಕು ತೂರಿಸುವುದು, ನಡುನಡುವೆ ತಮ್ಮತಮ್ಮಲ್ಲೇ ಜಗಳ. ಯಾರಾದರೂ ಹತ್ತಿರ ಬಂದರೆ ಸಾಕು, ಊರಿಗೇ ಬೆಂಕಿ ಬಿದ್ದ ಹಾಗೆ ಕಿರುಚಿಕೊಂಡು ಮೇಲೇಳುತ್ತಿದ್ದವು. ಬಾಯಿಬಡುಕ ಮುಂಡೇವು ಎಂದು ದಿನಾ ಬೈಯುತ್ತಿದ್ದೆ.

ಹೋದ ವರ್ಷ, ಅಲ್ಲೇ ಜಿಂಕೆಗಳನ್ನು ನೋಡಿಕೊಳ್ಳುತ್ತಿದ್ದ ನನ್ನ ತಂಗಿಯ ಮಗಳನ್ನು ನನ್ನ ಕೈಕೆಳಗೆ ಹಾಕಿದರು. ಅವಳು ನಿಯಮ ಓದಿಕೊಂಡೇ ಬಂದಿದ್ದಳು.

"ಮಾವ, ಕೂಗ್ಬೇಕಲ್ವಾ?"

"ಮನೆಯವರು ಮನೆಗೆ ಬರೋವಾಗ ಬಾಗಿಲು ತಟ್ತಾರೇನೇ? ನನ್ ಜೊತೆ ನಾಲ್ಕು ದಿನ ಓಡಾಡು. ನಿನ್ನ ಹೆಜ್ಜೇನೂ ಗುರುತು ಹಿಡಿಯುತ್ತೆ."

ಓಡಾಡಿದಳು. ಅವಳಿಗೂ ಕಿವಿ ತಿರುಗಿತು. "ನೋಡಿದ್ಯಾ?" ಎಂದೆ, ನಾನೇ ಹೆತ್ತ ಹಾಗೆ ಬೀಗುತ್ತಾ.

ಆಮೇಲೆ ದೊಡ್ಡಮ್ಮನ ಭುಜದ ಮೇಲೊಂದು ಹುಣ್ಣಾಯಿತು. ಎರಡು ತಿಂಗಳಾದರೂ ಮಾಯಲಿಲ್ಲ. ಡಾಕ್ಟರು ಮುಲಾಮು ಬದಲಿಸಿ ಬದಲಿಸಿ ಸಾಕಾಗಿ, ಒಂದು ದಿನ ನನ್ನನ್ನು ದುರ್ಬೀನಿನ ಮುಂದೆ ಕೂರಿಸಿದರು. ಒಂದು ಗೊರವಂಕ ಕುತ್ತಿಗೆಯ ಉಣ್ಣಿ ತಿಂದಿತು, ಹಿಂದಕ್ಕೆ ಕುಪ್ಪಳಿಸಿತು, ಹುಣ್ಣಿನ ಹಕ್ಕಳೆ ಕಿತ್ತು ಒಸರಿದ ರಕ್ತ ಹೀರಿತು. ಮತ್ತೊಂದು ತನ್ನ ಸರದಿಗೆ ಕಾಯುತ್ತಿತ್ತು.

"ಉಂಡ ಮನೆಗೇ ಎರಡು ಬಗೀತಾವಲ್ಲ ಸಾರ್!"

"ಉಣ್ಣಿ ಇರೋವರೆಗೆ ವೈದ್ಯ, ಉಣ್ಣಿ ಮುಗಿದ್ರೆ ತಾವೇ ಉಣ್ಣಿ" ಎಂದರು ಡಾಕ್ಟರು. "ಮೇಲೆ ಬಲೆ ಕಟ್ಟಿಸೋಣ."

ಬಲೆ ಕಟ್ಟಿದರು. ಗೊರವಂಕಗಳು ಎರಡು ದಿನ ಬಲೆಯ ಮೇಲೆ ಕೂತು ಶಾಪ ಹಾಕಿ ಹೊರಟುಹೋದವು. ಹುಣ್ಣು ವಾರದಲ್ಲೇ ಒಣಗತೊಡಗಿತು. ಆದರೆ ದೊಡ್ಡಮ್ಮ ಮಲಗುವುದನ್ನೇ ಬಿಟ್ಟಿತು. ಗೋಡೆಗುಂಟ ಸುತ್ತುವುದು, ನಿಲ್ಲುವುದು, ಎರಡು ಕಿವಿಯನ್ನು ಎರಡು ದಿಕ್ಕಿಗೆ ತಿರುಗಿಸುವುದು, ಮತ್ತೆ ಸುತ್ತುವುದು. ಮೈಮೇಲೆ ಬಿದ್ದ ಎಲೆಗೂ ಬೆಚ್ಚುತ್ತಿತ್ತು. ಉಣ್ಣಿಯ ತುರಿಕೆ ಇರಬೇಕೆಂದು ನಾನು ಕಂಬಿಯ ಆಚೆಯಿಂದ ಉದ್ದ ಬ್ರಷ್ಷಿನಲ್ಲಿ ಉಜ್ಜಿ ನೋಡಿದೆ. ಅದು ಕಂಬಿಗೇ ಗುದ್ದಿತು. ಆ ದಿನಗಳಲ್ಲಿ ಯಾರೂ ಒಳಗೆ ಹೋಗುತ್ತಿರಲಿಲ್ಲ, ಹುಲ್ಲನ್ನೂ ಹೊರಗಿನಿಂದಲೇ ತಳ್ಳುತ್ತಿದ್ದೆವು. ನನಗೂ ಮನೆಯಲ್ಲಿ ಕೂತಲ್ಲಿ ಕೂರಲು, ನಿಂತಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಏನೋ ತಪ್ಪಿದೆ ಅನ್ನಿಸುತ್ತಿತ್ತು, ಏನೆಂದು ಹೊಳೆಯುತ್ತಿರಲಿಲ್ಲ.

ಹನ್ನೆರಡನೆಯ ದಿನ ಒಳಗೆ ಹೋಗಿ ಗುಡಿಸಬಹುದು ಎಂದರು ಡಾಕ್ಟರು. ನಾನು ಹುಲ್ಲಿನ ಕೊಟ್ಟಿಗೆಯಲ್ಲಿದ್ದೆ. ತಂಗಿಯ ಮಗಳು ಬಕೆಟ್ಟು, ಪೊರಕೆ ಹಿಡಿದು ಹೋದಳು. ನಾನು ಕಲಿಸಿದ ಹಾಗೆಯೇ, ಕೂಗದೆ.

ಬಕೆಟ್ಟು ಗೋಡೆಗೆ ಬಡಿದ ಸದ್ದು ಕೇಳಿ ಓಡಿದೆ. ಅವಳು ತೆವಳಿಕೊಂಡು ಗೇಟು ಸೇರಿದ್ದಳು. ತೊಡೆ ಎರಡು ಕಡೆ ಮುರಿದಿತ್ತು. ದೊಡ್ಡಮ್ಮ ದೂರದ ಮೂಲೆಯಲ್ಲಿ ಗಡಗಡ ನಡುಗುತ್ತಾ ನಿಂತಿತ್ತು.

ಆಸ್ಪತ್ರೆಯಲ್ಲಿ ಅವಳು ಅತ್ತಿದ್ದು ಕಾಲಿನ ನೋವಿಗಲ್ಲ.

"ಅದಕ್ಕೆ ಸಿಟ್ಟಿರ್ಲಿಲ್ಲ ಮಾವ, ಹೆದ್ರಿಕೆ. ನಾನು ಪಕ್ಕಕ್ಕೆ ಬರೋವರೆಗೂ ಅದಕ್ಕೆ ಗೊತ್ತೇ ಆಗ್ಲಿಲ್ಲ."

"ನಿನ್ನದಿರ್ಲಿ, ನನ್ನ ಹೆಜ್ಜೆ ಆಗಿದ್ರೆ..." ಎಂದವನು ಅಲ್ಲಿಗೇ ನಿಲ್ಲಿಸಿದೆ.

ಮರುದಿನ ಬೆಳಿಗ್ಗೆ ಎಂದಿನ ಹಾಗೆ ಸದ್ದಿಲ್ಲದೆ ಗೇಟಿನ ಹತ್ತಿರ ಹೋಗಿ ನಿಂತೆ. ಒಳಗೆ ಹೋಗಲಿಲ್ಲ. ದೊಡ್ಡಮ್ಮ ಹತ್ತು ಮಾರು ದೂರದಲ್ಲಿತ್ತು. ಅದರ ಕಿವಿ ಮರದ ಕಡೆ ತಿರುಗಿತು, ರಸ್ತೆಯ ಕಡೆ ತಿರುಗಿತು. ನನ್ನ ಕಡೆ ತಿರುಗಲಿಲ್ಲ. ಎರಡು ಹೆಜ್ಜೆ ಅತ್ತ ಹಾಕಿದೆ, ಇತ್ತ ಹಾಕಿದೆ, ನಾಚಿಕೆ ಬಿಟ್ಟು ಬೂಟು ಕುಟ್ಟಿದೆ. ಚಿಲಕ ಕೈತಪ್ಪಿ ಕಂಬಿಗೆ ಬಡಿದದ್ದೇ ತಡ, ಅದು ಬೆಚ್ಚಿ ಎದುರಿನ ಗೋಡೆಗೆ ಕೊಂಬು ಗುದ್ದಿಕೊಂಡಿತು. ಇಷ್ಟು ವರ್ಷ ನಾನು ಬರುವುದನ್ನು ಅದಕ್ಕೆ ಸಾರುತ್ತಿದ್ದವು ಆ ಬಾಯಿಬಡುಕ ಮುಂಡೇವು. ಅವುಗಳ ಕಿರುಚಾಟದ ಮೇಲೆ ಬದುಕಿದ್ದ ದೊಡ್ಡ ಉಣ್ಣಿ ನಾನು.

ಮಧ್ಯಾಹ್ನ ವಿಚಾರಣೆ. ದೊಡ್ಡ ಸಾಹೇಬರು ಕಾಗದ ಮುಂದಿಟ್ಟುಕೊಂಡಿದ್ದರು. ಕಾರಣವಿಲ್ಲದೆ ಮೇಲೆ ಬಿದ್ದಿದೆ ಎಂದು ಬರೆದರೆ ದೊಡ್ಡಮ್ಮನಿಗೆ ಸಾಯುವ ತನಕ ಹಿಂದಿನ ಸಿಮೆಂಟು ಕೋಣೆಯೇ ಗತಿ. ಟಿಕೆಟ್ಟಿನವನು, ಡಾಕ್ಟರು, ನನ್ನ ಜಂಬ ಕೇಳಿದವರೆಲ್ಲ ಅಲ್ಲೇ ಇದ್ದರು.

"ನಿಮ್ಮ ಹೆಜ್ಜೆ ಗುರುತು ಹಿಡಿಯೋ ಪ್ರಾಣಿ, ಅವಳ ಮೇಲೆ ಯಾಕ್ರೀ ಬಿತ್ತು?" ಸಾಹೇಬರು ಕೇಳಿದರು.

ಸುಳ್ಳು ಹೇಳಬಹುದಿತ್ತು, ಎಲ್ಲರೂ ನಂಬುತ್ತಿದ್ದರು.

"ಅದಕ್ಕೆ ನನ್ನ ಗುರುತು ಇಲ್ಲ ಸಾರ್" ಎಂದೆ. "ಯಾವತ್ತೂ ಇರ್ಲಿಲ್ಲ. ಹಕ್ಕಿಗಳು ಕೂಗ್ತಿದ್ವು, ಅದಕ್ಕೆ ತಿರುಗ್ತಿತ್ತು. ಕೂಗ್ಬೇಡ ಅಂತ ಹುಡುಗಿಗೆ ಕಲಿಸಿದೋನು ನಾನು. ತಪ್ಪು ನಂದು, ಅದರದ್ದಲ್ಲ."

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ದೊಡ್ಡಮ್ಮನನ್ನು ಬಯಲಿನಲ್ಲೇ ಬಿಟ್ಟರು. ನನ್ನನ್ನು ಜಿಂಕೆಗಳ ಕಡೆ ಹಾಕಿದರು. ಹೊರಡುವ ಮುಂಚೆ ಕಂಬಿ ಹಿಡಿದು ತುಂಬಾ ಹೊತ್ತು ನಿಂತಿದ್ದೆ. ಹುಣ್ಣು ಪೂರ್ತಿ ಮಾಯ್ದಿತ್ತು. ಅದು ನನಗೆ ಬೆನ್ನು ಮಾಡಿ ಹುಲ್ಲು ಮೇಯುತ್ತಿತ್ತು. ಬಂದವನು ಯಾರೆಂದು ಹಕ್ಕಿಗಳೂ ಅದಕ್ಕೆ ಯಾವತ್ತೂ ಹೇಳಿರಲಿಲ್ಲ, ಯಾರೋ ಬಂದರು ಎಂದಷ್ಟೇ ಹೇಳಿದ್ದವು.