ಮೂವತ್ತೆರಡು ಚುಕ್ಕೆಯ ದೋಣಿ

"ಎಲ್ಲಾ ಪಾಸಾಯ್ತು, ದೋಣಿ ಒಂದು ಫೇಲು," ಎನ್ನುತ್ತ ಎಸ್ಬೆನ್ ಲ್ಯಾಪ್‌ಟಾಪನ್ನು ಬಿರ್ಟೆಯ ಅಡುಗೆಮನೆಯ ಮೇಜಿನ ಮೇಲಿಟ್ಟ. ಗಂಡ ಹೆಂಡತಿ ಬೇರೆಯಾಗಿ ಹನ್ನೊಂದು ವರ್ಷ. ಅವನು ಈ ಮನೆಗೆ ಕಾಲಿಟ್ಟದ್ದು ಇದೇ ಮೊದಲು.

ಮಾರ್ಸ್ಟಾಲ್ ಬಂದರಿನ ಹಾಯಿದೋಣಿಯವರು ತಮ್ಮ ಪಯಣದ ದಿನಚರಿ ಬರೆದಿಡಲೆಂದು ಮೂವತ್ತು ವರ್ಷದ ಹಿಂದೆ ಅವನು ಮಾಡಿದ ತಂತ್ರಾಂಶ ಅದು. ಹೊಸ ಕಂಪ್ಯೂಟರುಗಳು ಅದನ್ನು ಅನುಮಾನದಿಂದ ನೋಡಿ ಬಾಗಿಲು ಹಾಕುತ್ತಿದ್ದವು. ಆಪ್ ಸ್ಟೋರಿಗೆ ಸೇರಿಸದಿದ್ದರೆ ನಾನೂರು ಮಂದಿಯ ಅರ್ಧ ಆಯುಷ್ಯದ ಬರಹ ಒಳಗೇ ಉಳಿಯುತ್ತಿತ್ತು. ಅದಕ್ಕೇ ಚಳಿಗಾಲ ಪೂರ್ತಿ ಕೂತು ಅದನ್ನು ನಿಯಮಕ್ಕೆ ತಕ್ಕಂತೆ ಕಟ್ಟಿದ್ದ: ತಂತ್ರಾಂಶ ತನ್ನದೇ ಎಂದು ಡಿಜಿಟಲ್ ಸಹಿ ಹಾಕಿದ್ದ, ಕೇಳದೆ ಯಾರ ಫೈಲನ್ನೂ ಮುಟ್ಟದಂತೆ ಬೇಲಿ ಬಿಗಿದಿದ್ದ. ಉಳಿದದ್ದು ಐಕಾನು, ಒತ್ತಿ ತೆರೆಯುವ ಪುಟ್ಟ ಚಿತ್ರ. ಆಗ ಬಿರ್ಟೆ ಬರೆದುಕೊಟ್ಟಿದ್ದ ದೋಣಿ ಉದ್ದಗಲ ಮೂವತ್ತೆರಡೇ ಚುಕ್ಕೆ. ಸ್ಟೋರಿಗೆ ಬೇಕಾದದ್ದು ಸಾವಿರದ ಇಪ್ಪತ್ತನಾಲ್ಕು.

"ಹಿಗ್ಗಿಸು, ಅದಕ್ಕೇನಂತೆ?"

"ಹಿಗ್ಗಿಸ್ದೆ. ಇಟ್ಟಿಗೆ ಗೂಡಾಯ್ತು. ನೀನೇ ಬರ್ಕೊಡ್ಬೇಕು ಮಾರಾಯ್ತಿ."

"ಯಾಕೆ, ಊರಲ್ಲಿ ಚಿತ್ರ ಬರೆಯೋರಿಗೆ ಬರ ಬಂತಾ?" ಎಂದಳು, ಆದರೂ ಕನ್ನಡಕ ಹುಡುಕಿದಳು.

ಪರದೆಯ ಮೇಲೆ ದೋಣಿ ಕಂಡದ್ದೇ ಇಬ್ಬರಿಗೂ ಮೂವತ್ತು ವರ್ಷದ ಹಿಂದೆ ತಾವಿದ್ದ ಬಾಡಿಗೆ ಕೋಣೆ ನೆನಪಾಯಿತು. ಚೌಕುಳಿ ಕಾಗದದಲ್ಲಿ ಅವಳು ಬಣ್ಣದ ಪೆನ್ಸಿಲಿನಿಂದ ಒಂದೊಂದೇ ಚೌಕ ತುಂಬುತ್ತಿದ್ದರೆ, ಅವನು ರೈ ಬ್ರೆಡ್ಡು ಜಗಿಯುತ್ತ ಆ ಬಣ್ಣಗಳನ್ನು ಅಂಕಿಗಳಾಗಿ ಕಂಪ್ಯೂಟರಿಗೆ ಒತ್ತುತ್ತಿದ್ದ. ಎಷ್ಟು ಸುಖವಾಗಿದ್ದರು! ಆಗ ಅದು ಗೊತ್ತಿರಲಿಲ್ಲ, ಅಷ್ಟೆ.

"ಹಾಯಿ, ಚುಕ್ಕಾಣಿ ಹಾಗೇ ಇರ್ಲಿ," ಎಂದ ಎಸ್ಬೆನ್. "ಹಿಂದ್ಗಡೆ ಎರಡು ಲಾಟೀನಿದೆಯಲ್ಲ, ಹಳದಿದೊಂದು, ಕಂದುದೊಂದು, ಅದಕ್ಕೆ ಗಾಜು ಗೀಜು ಬರೀಬೇಕಾಗತ್ತೆ. ಒಂದು ಚುಕ್ಕೆ ಇದ್ದ ಕಡೆ ಈಗ ಸಾವಿರ ಚುಕ್ಕೆ."

"ಲಾಟೀನು?"

"ಕೈಪಿಡೀಲೂ ಹಾಗೇ ಬರ್ದಿದೀನಲ್ಲ."

"ಗೊತ್ತು. ಆವತ್ತೇ ಓದಿದೀನಿ." ಬಿರ್ಟೆ ಕಾಫಿ ಲೋಟ ಬದಿಗಿಟ್ಟಳು. "ಕಂದು ಬಣ್ಣದ ಲಾಟೀನು ಎಲ್ಲಾದ್ರೂ ಇರತ್ತೇನೋ ಪೆದ್ದ? ಆಗ ನಿನ್ನ ಕೂದಲು ಕಂದು. ನಂದು ಹಳದಿ."

ಎಸ್ಬೆನ್ ಪರದೆಗೆ ಮುಖ ತಂದು, ಅಕ್ಕಪಕ್ಕ ಕೂತ ಆ ಎರಡು ತಲೆಗಳನ್ನು ನೋಡಿದ. ಮೂವತ್ತು ವರ್ಷ ದಿನಾ ಒತ್ತಿ ತೆರೆದಿದ್ದ ಚಿತ್ರ.

"ಹೇಳ್ಬಾರ್ದಿತ್ತಾ?" ಎಂದ.

"ಕೇಳ್ಬಾರ್ದಿತ್ತಾ?"

ಬಿರ್ಟೆ ಎದ್ದು ಕಾಗದ, ಪೆನ್ಸಿಲು ತಂದಳು.

"ಈಗ ಏನು ಬರೀಲಿ ಹೇಳು," ಎಂದಳು. "ಲಾಟೀನಾದ್ರೆ ಹತ್ತು ನಿಮಿಷದ ಕೆಲಸ."

"ಲಾಟೀನು ಬೇಡ."

ಬಿರ್ಟೆ ಪೆನ್ಸಿಲು ಚೂಪು ಮಾಡಿ, ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿ ಕುಳಿತಳು. "ಟೋಪಿ ತೆಗಿ. ಕಿಟಕಿ ಕಡೆ ತಿರುಗು. ಅಲ್ಲಾಡ್ಬೇಡ."

ಅವನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಬೆಳಕಿಗೆ ಮುಖ ಮಾಡಿದ. ಅವಳು ಬಹಳ ಹೊತ್ತು ಅವನನ್ನೇ ನೋಡಿದಳು. ಆಮೇಲೆ ಕಿವಿಯಿಂದ ಶುರುಮಾಡಿದಳು.