ಅಂಕಮ್ಮ ಹಾಕಿಸಿದ ಎರಡನೇ ಡಿವಿಡಿ

“ಆ ಸೀರೆ ನಮ್ಮವ್ವನ ಮೈಮೇಲೆ ಹಾಕ್ಬ್ಯಾಡಿ!”

ಶ್ವೇತ ಕೂಗಿಕೊಂಡೇ ಬಂದು, ನಾಗರಾಜುವಿನ ಹೆಂಡತಿ ಅರ್ಧ ಬಿಚ್ಚಿದ್ದ ಹಳದಿ ಸೀರೆಯನ್ನು ಕಿತ್ತುಕೊಂಡು ಮಡಿಚತೊಡಗಿದಳು. ಅವಸರಕ್ಕೆ ಮಡಿಕೆ ಸರಿಯಾಗಿ ಕೂರಲಿಲ್ಲ. ಸುತ್ತ ಕೂತಿದ್ದ ಹೆಂಗಸರು ಅಳುವುದನ್ನು ಅಷ್ಟಕ್ಕೇ ನಿಲ್ಲಿಸಿ ಅವಳನ್ನೇ ನೋಡಿದರು.

ಶಾಮಿಯಾನದ ಕೆಳಗೆ ಅಂಕಮ್ಮನನ್ನು ಕುರ್ಚಿಯಲ್ಲಿ ಕೂರಿಸಿದ್ದರು. ಮುಖಕ್ಕೆ ಅರಿಶಿನ, ಹಣೆಗೆ ಕಾಸಗಲ ಕುಂಕುಮ, ತಲೆ ತುಂಬ ಕನಕಾಂಬರ. ಎಪ್ಪತ್ತೊಂದು ವರ್ಷದ ಹೆಂಗಸು ಬೆಳಗಿನ ಹಾಲನ್ನು ಡೇರಿಗೆ ಹಾಕಿ ಬಂದು, ಒಂದು ಲೋಟ ಕಾಫಿ ಕುಡಿದು, ಜಗಲಿಯ ಗೋಡೆಗೆ ಒರಗಿದವಳು ಮತ್ತೆ ಏಳಲಿಲ್ಲ. ಒಂದು ದಿನ ಹಾಸಿಗೆ ಹಿಡಿಯಲಿಲ್ಲ, ಯಾರ ಕೈಯಲ್ಲೂ ಗಂಜಿ ಕುಡಿಯಲಿಲ್ಲ, ಗಂಡನಿಗಿಂತ ಮೊದಲು ಹೊರಟಳು. ಬಂದವರೆಲ್ಲ ಅತ್ತು ಮೂಗು ಒರೆಸಿಕೊಂಡ ಮೇಲೆ, “ಪುಣ್ಯವಂತೆ ಕಣಮ್ಮ, ಇಂತಾ ಸಾವು ನಮಗೂ ಬರ್ಲಿ” ಎಂದು ಕೊಂಚ ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದರು.

ಎಲ್ಲ ಸರಿಯಾಗಿತ್ತು. ತವರಿನ ಸೀರೆಯೊಂದು ಮಾತ್ರ ಬಂದಿರಲಿಲ್ಲ.

“ನೋಡವ್ವ ಶ್ವೇತ,” ಎಂದ ನಾಗರಾಜು. ಅಂಕಮ್ಮನ ಗಂಡ ಚಲುವರಾಜುವಿಗೆ ಅವನು ದಾಯಾದಿ. ಆ ಬೀದಿಯಲ್ಲಿ ಯಾರು ಸತ್ತರೂ ಮುಂದೆ ನಿಂತು ನಡೆಸುವವನು ಅವನೇ. “ಮುತ್ತೈದೇನ ತೌರ್ ಸೀರೆ ಹೊದುಸ್ದೆ ಎತ್ತಂಗಿಲ್ಲ. ಒತ್ತು ಕಂತುದ್ ಮೇಲೂ ಎತ್ತಂಗಿಲ್ಲ. ನಮ್ಮನೆಯೋಳೂ ನಿಮ್ಮವ್ವನ ತೌರು ಪೂರಿಗಾಲಿ ಕಡೆಯೋಳೇ ಅಲ್ವಾ? ಅವಳೇ ತೌರ್ನೋಳು ಅಂತ ತಿಳ್ಕ.”

“ನಮ್ಮ ಮಾವ ಬತ್ತನೆ.”

“ಇಪ್ಪತ್ನಾಕ್ ವರ್ಸದಿಂದ ಈ ಬೀದಿ ತುಳೀದೋನು ಇವತ್ತು ಬತ್ತನಾ? ಬೆಳಿಗ್ಗೆ ಫೋನ್ ಮಾಡ್ದಾಗ ಏನಂದ?”

“ಅವರ ಮಗ ಯತೀಶ ತಗೊಂಡ. ಯೋಳ್ತೀನಿ ಅಂದ. ಆಮೇಲೆ ಫೋನು ಸಿಗ್ತಿಲ್ಲ.”

“ಸಿಗಕಿಲ್ಲ ಬುಡು. ನಾಕ್ ಗಂಟೆ ಗಂಟ ನೋಡಾನ. ಆಮೇಲೆ ಇದೇ ಸೀರೆ.”

ಶ್ವೇತ ಶಾಮಿಯಾನದ ಕಂಬ ಹಿಡಿದು ನಿಂತಳು. ಅವಳ ಸಂಕಟ ಬೇರೆಯವರಿಗೆ ಅಷ್ಟಾಗಿ ತಿಳಿಯುವಂಥದ್ದಲ್ಲ. ಅವ್ವನಿಗೆ ತವರು ತಪ್ಪಿದ್ದು ಅವಳ ಮದುವೆಯ ದಿನ. ಹೆಣ್ಣಿನ ಕೈ ಹಿಡಿದು ಹಸೆಮಣೆಗೆ ಕರೆತರಬೇಕಾದ ಸೋದರಮಾವ, ಪೂರಿಗಾಲಿಯ ಮರಿಯಯ್ಯ, ಧಾರೆಯ ಹೊತ್ತಿಗೆ ಮದುವೆಮನೆಯ ಉಗ್ರಾಣ ಬಿಟ್ಟು ಬರಲಿಲ್ಲ. ಕರೆಯಲು ಹೋದವರಿಗೆ, “ನನ್ ತಂಗೀನೇ ಬಂದು ಕರೀಲಿ” ಎಂದನಂತೆ. “ಇವನೇನು ಮಾರಾಜನಾ?” ಎಂದು ಅಂಕಮ್ಮ ಸಿಡಿದು, ದೂರದ ಸಂಬಂಧಿಯೊಬ್ಬನ ಕೈಯಲ್ಲಿ ಮಗಳ ಕೈ ಇಟ್ಟು ಮದುವೆ ಮುಗಿಸಿದಳು. ಮರಿಯಯ್ಯ ಉಗ್ರಾಣದ ಬೀಗದ ಕೈಯನ್ನು ಅಡಿಗೆಯವನಿಗೆ ಕೊಟ್ಟು ಊಟ ಮಾಡದೆ ಊರಿಗೆ ನಡೆದ. “ಅವಳು ಕರೆಯೋ ಗಂಟ ಏಳಬೇಡ ಅಂದವಳೇ ಅವಳು” ಎಂದು ಅವನು ಆಮೇಲೆ ಹೇಳಿ ಕಳಿಸಿದರೆ, “ನಾನೆಲ್ಲಂದೆ? ಸುಳ್ಳು!” ಎಂದಳು ಅಂಕಮ್ಮ. ಅವಳು ಹಿಡಿದ ಮೊಲಕ್ಕೆ ಎಂದಿಗೂ ಮೂರೇ ಕಾಲು. ಅಲ್ಲಿಗೆ ಗೌರಿ ಹಬ್ಬದ ಸೀರೆಯೂ ನಿಂತಿತು, ಹೋಗಿ ಬರುವುದೂ ನಿಂತಿತು.

ತನ್ನ ಮದುವೆಗೆ ಕಳೆದುಹೋದ ತವರು ಅವ್ವನ ಮಣ್ಣಿಗಾದರೂ ಬರಲಿ ಎಂದು ಶ್ವೇತ ಬೆಳಗಿನಿಂದ ಬಾಗಿಲು ನೋಡುತ್ತಿದ್ದಳು.

ಎರಡು ಗಂಟೆಯ ಹೊತ್ತಿಗೆ ನಿಜಾಮುದ್ದೀನ್ ಹಾರ ತೆಗೆದುಕೊಂಡು ಬಂದ. ಭಾರತೀನಗರದ ಬಸ್ ನಿಲ್ದಾಣದ ಎದುರು ಅವನ ಫೋಟೊ ಅಂಗಡಿ. ಹಾರ ಹಾಕಿ, ಒಂದು ನಿಮಿಷ ತಲೆ ತಗ್ಗಿಸಿ ನಿಂತು, ಕಂಬದ ಹತ್ತಿರ ಬಂದ. ಅಲ್ಲಿ ಇನ್ನೂ ನಡೆಯುತ್ತಿದ್ದ ಸೀರೆಯ ಮಾತು ಅವನ ಕಿವಿಗೂ ಬಿತ್ತು.

“ಶ್ವೇತಮ್ಮ,” ಎಂದ ಮೆಲ್ಲಗೆ. “ನಿಮ್ಮಮ್ಮ ಯಾರಿಗೂ ಹೇಳಬೇಡ ಅಂದಿದ್ರು. ಈಗ ಹೇಳದೆ ಹೋದ್ರೆ ತಪ್ಪಾಗ್ತದೆ.”

*

ಎರಡು ತಿಂಗಳ ಹಿಂದೆ ಅಂಕಮ್ಮ ಹಾಲಿನ ಕ್ಯಾನಿನ ಚೀಲದಲ್ಲಿ ಎರಡು ವಿಡಿಯೊ ಕ್ಯಾಸೆಟ್ಟು ಹಾಕಿಕೊಂಡು ನಿಜಾಮುದ್ದೀನನ ಅಂಗಡಿಗೆ ಬಂದಿದ್ದಳು. ಶ್ವೇತಳ ಮದುವೆಯದು. ಮೊಮ್ಮಗಳು ಅಮೃತ, “ಅಮ್ಮನ ಮದುವೆ ನೋಡಬೇಕಜ್ಜಿ” ಎಂದು ಪೀಡಿಸಿದ್ದಳು. ಆ ಮದುವೆಗೆ ಕ್ಯಾಮೆರಾ ಹಿಡಿದವನೂ ನಿಜಾಮುದ್ದೀನನೇ. ಈಗ ಮದುವೆಯ ಕೆಲಸ ಬಿಟ್ಟು ಜೆರಾಕ್ಸು, ಪಾಸ್‌ಪೋರ್ಟ್ ಫೋಟೊ ಎಂದು ಕೂತಿದ್ದ. ಹಳೆಯ ವಿಸಿಆರ್ ಒಂದನ್ನು ಮಾತ್ರ ಮಗುವಿನ ಹಾಗೆ ಸಾಕಿಕೊಂಡಿದ್ದ.

ಅವನು ಕ್ಯಾಸೆಟ್ಟಿನ ಮುಚ್ಚಳ ಎತ್ತಿ ನೋಡಿ, ಬೂಷ್ಟನ್ನು ಹತ್ತಿಯಿಂದ ಒರೆಸಿದ.

“ಒಂದೊಂದೂ ಮೂರು ಗಂಟೆ ಅಮ್ಮ. ಇದು ಓಡ್ತಾ ಇದ್ದ ಹಾಗೇ ಕಂಪ್ಯೂಟರಿಗೆ ಇಳೀಬೇಕು. ಆಮೇಲೆ ಡಿವಿಡಿ. ಬಿಟ್ಟು ಹೋಗಿ, ನಾಳೆ ಬನ್ನಿ.”

“ಬಿರ್‍ರನೆ ಓಡ್ಸಿ ಮುಗ್ಸಕಾಗಕಿಲ್ವಾ?”

“ಓಡಿಸಿದ್ರೆ ಕಂಪ್ಯೂಟರಿಗೂ ಹಂಗೇ ಇಳೀತದೆ. ನೀವೆಲ್ಲ ಇರುವೆ ಥರ ಓಡಾಡ್ತೀರ.”

“ಅಂಗಾರೆ ಇಲ್ಲೇ ಕೂತ್ಕತೀನಿ. ನೀನು ಎಲ್ಲಾರ ಕತ್ತರಿಸಿಗಿತ್ತರಿಸೀಯೆ.”

ಕೂತಳು. ಮದುವೆಯಾದ ಹೊಸದರಲ್ಲಿ ಬಾಡಿಗೆಗೆ ಪ್ಲೇಯರ್ ತಂದು ಮನೆಯವರೆಲ್ಲ ಇದನ್ನು ನೋಡಿದ್ದುಂಟು. ಆಗ ಧಾರೆ, ಆರತಕ್ಷತೆ ನೋಡಿ, ಅಡಿಗೆಮನೆ ಉಗ್ರಾಣ ಬಂದ ಕೂಡಲೇ ಓಡಿಸಿಬಿಡುತ್ತಿದ್ದರು. ಪಾತ್ರೆ ಸಾಮಾನನ್ನು ಯಾರು ನೋಡುತ್ತಾರೆ? ಈಗ ಓಡಿಸುವಂತಿರಲಿಲ್ಲ. ಅಂಕಮ್ಮ ಒಬ್ಬೊಬ್ಬರನ್ನೂ ಗುರುತು ಹಿಡಿದು ಹೇಳುತ್ತ ಹೋದಳು.

“ಅಯ್ಯೊ, ನಮ್ಮತ್ತೆ! ನೋಡ್ಲಾ ನಿಜಾಮು, ಒಬ್ಬಟ್ಟ ಎಂಗೆ ಸೆರಗಿಗೆ ಸೇರುಸ್ತಾವ್ಳೆ! ಬದುಕಿದ್ದಾಗ ಸಿಕ್ಕಾಕಂಡಿರ್ನಿಲ್ಲ ಮುದ್ಕಿ.” ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು ಅವಳಿಗೆ.

ಆಮೇಲೆ ಉಗ್ರಾಣ ಬಂತು. ಸಕ್ಕರೆ, ಬೇಳೆ, ಎಣ್ಣೆಯ ಡಬ್ಬಗಳೆಲ್ಲ ವಿಡಿಯೊದಲ್ಲಿ ಬರಲೇಬೇಕೆಂದು ಚಲುವರಾಜು ಅಂದು ಹಟ ಹಿಡಿದಿದ್ದ. ಮೂಟೆಯ ಮೇಲೆ ಮರಿಯಯ್ಯ ಕೂತಿದ್ದ. ಬೀಗದ ಕೈ ಸೊಂಟದಲ್ಲಿತ್ತು. ಆಗ ಹಸಿರು ಬಳೆಯ ಕೈಯೊಂದು ಬಾಗಿಲು ತಳ್ಳಿತು. ನಲವತ್ತೇಳು ವರ್ಷದ ಅಂಕಮ್ಮ ಒಳಗೆ ಬಂದು, ಏದುಸಿರು ಬಿಡುತ್ತ ಹೇಳಿದಳು:

“ಅಣ್ಣಯ್ಯ, ತುಪ್ಪ ಕದೀತಾವ್ರೆ. ನಾನೇ ಬಂದು ಕರೆಯೋ ಗಂಟ ನೀ ಇಲ್ಲಿಂದ ಏಳ್ಬ್ಯಾಡ. ಯಾರ್ ಕರುದ್ರೂ ಬರ್ಬ್ಯಾಡ. ನನ್ನಾಣೆ.”

“ಆಯ್ತು ಬುಡವ್ವ,” ಎಂದ ಪರದೆಯ ಮರಿಯಯ್ಯ.

ಅಂಗಡಿಯ ಬೆಂಚಿನಿಂದ ಅಂಕಮ್ಮ ಮುಂದಕ್ಕೆ ಬಾಗಿದಳು. “ಇನ್ನೊಂದ್ಸಲ ಆಕು” ಎಂದಳು. ಅವನು ಹಾಕಿದ. ಮೂರನೆಯ ಸಲವೂ ಹಾಕಿದ. ಅವಳದೇ ದನಿ, ಅವಳದೇ ಆಣೆ. ಕರೆಯಲು ಅವಳು ಹೋಗಲೇ ಇಲ್ಲ. ಧಾರೆಯ ಗಡಿಬಿಡಿಯಲ್ಲಿ ಮರೆತಿದ್ದಳು. ಮರೆತದ್ದನ್ನೂ ಮರೆತಿದ್ದಳು.

“ಅದ ಕತ್ತರುಸ್ಬುಡು” ಎಂದಳು ಎದ್ದು.

“ಅಮ್ಮ, ಅದು...”

“ಕತ್ತರುಸು ಅಂದ್ರೆ ಕತ್ತರುಸು. ಯಾರ್ಗೂ ಯೋಳ್ಬ್ಯಾಡ.” ಎರಡನೇ ಕ್ಯಾಸೆಟ್ಟಿಗೆ ಕೂರದೆ ಹೊರಟುಹೋದಳು.

*

“ಕತ್ತರಿಸಿದ್ರಾ?” ಎಂದಳು ಶ್ವೇತ. ಅವಳಿಗೆ ಅವ್ವನ ಮೇಲೆ ಸಿಟ್ಟೂ ಬಂದಿತ್ತು, ಸತ್ತವಳ ಮೇಲೆ ಸಿಟ್ಟು ಬಂತಲ್ಲ ಎಂದು ನಾಚಿಕೆಯೂ ಆಗಿತ್ತು.

“ಒಂದು ಬಟನ್ ಒತ್ತಿದ್ರೆ ಆಗ್ತಿತ್ತು. ಕೈ ಬರಲಿಲ್ಲಮ್ಮ. ನಾಳೆ ನೋಡೋಣ ಅಂತ ಬಿಟ್ಟೆ. ಬೆಳಿಗ್ಗೆ ಶಟರ್ ಎತ್ತೋಕೆ ಹೋದ್ರೆ ಮೆಟ್ಟಲ ಮೇಲೆ ಕೂತಿದ್ರು, ಖಾಲಿ ಕ್ಯಾನು ಇಟ್ಕೊಂಡು. ಕತ್ತರಿಸಿಬುಟ್ಟೆಯಾ ಅಂದ್ರು. ಇಲ್ಲ ಅಂದೆ. ಅಬ್ಬ ಅಂತ ಉಸಿರು ಬಿಟ್ರು.”

ನಿಜಾಮುದ್ದೀನ್ ಕುರ್ಚಿಯ ಕಡೆ ಒಮ್ಮೆ ನೋಡಿದ, ಹೇಳಬಹುದೇ ಎಂದು ಕೇಳುವವನಂತೆ.

“‘ನೀ ಕತ್ತರುಸುದ್ರೆ ನಿನ್ನ ಮಿಸಿನ್ನಿಂದ ಓಯ್ತದೆ, ನನ್ನ ಕಿವಿಯಿಂದ ಓದಾತಾ? ರಾತ್ರಿಯೆಲ್ಲ ಅದೇ ಕೂಗ್ತಿತ್ತು ಕಣ್ಲಾ’ ಅಂದ್ರು. ಇನ್ನೊಂದು ಡಿವಿಡಿ ಹಾಕು ಅಂದ್ರು. ಯಾರಿಗಮ್ಮ ಅಂದ್ರೆ, ‘ನಿಂಗ್ಯಾಕೆ?’ ಅಂದ್ರು.”

ಶ್ವೇತ ಅಳುತ್ತಲೇ ನಕ್ಕಳು. ಆ ‘ನಿಂಗ್ಯಾಕೆ’ ಅವ್ವನದೇ. ಆದರೆ ಮನೆಗೆ ಬಂದದ್ದು ಒಂದೇ ಡಿವಿಡಿ. ಅಮೃತ ಅದನ್ನು ತೆಗೆದುಕೊಂಡು ಹೋಗಿದ್ದಳು, ಹಾಕಿ ನೋಡುವ ಪ್ಲೇಯರ್ ಸಿಗದೆ ಹಾಗೇ ಇಟ್ಟಿದ್ದಳು. ಎರಡನೆಯದು ಎಲ್ಲಿ?

“ಅಪ್ಪ,” ಎಂದು ಚಲುವರಾಜುವಿನ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತಳು. “ಅವ್ವ ಈಚೆಗೆ ಎಲ್ಲಾದ್ರೂ ಹೋಗಿದ್ದಾ?”

“ಎಲ್ಲೋಯ್ತಾಳೆ? ಹಸ ಬುಟ್ಟು ಎಲ್ಲೋಯ್ತಾಳೆ?” ಎಂದ ಮುದುಕ. ಆಮೇಲೆ ನೆನಪಿಸಿಕೊಂಡು, “ಒಂದ್ಸಲ ಮಳವಳ್ಳಿಗೋಗಿದ್ಲು. ಮಂಡಿ ನೋವಿನ ಡಾಕ್ಟ್ರು ಅಂತ. ಸಂದೆ ಗಂಟ ಬರ್ನಿಲ್ಲ. ಮಾತ್ರೆನೂ ತರ್ನಿಲ್ಲ. ಕೇಳುದ್ರೆ, ‘ಡಾಕ್ಟ್ರು ಒಳ್ಳೇವ್ನು, ಮುದ್ದೆ ಉಣ್ಣು ಅಂದ’ ಅಂದ್ಲು” ಎಂದ. “ನಾನೂ ಸುಮ್ನಾದೆ. ಅವತ್ತು ರಾತ್ರಿ ಹಾಡೇಳ್ಕಂಡು ಹಾಲು ಕಾಯಿಸ್ತಿದ್ಲು ಕಣವ್ವ. ಅವಳು ಹಾಡೇಳಿದ್ದು ನಾ ಕೇಳೇ ಇರ್ನಿಲ್ಲ.”

ನಾಲ್ಕು ಗಂಟೆಯಾಯಿತು. ನಾಗರಾಜು ಕೈಗಡಿಯಾರ ನೋಡಿದ, ಬಿಸಿಲು ನೋಡಿದ, ಆಮೇಲೆ ಶ್ವೇತಳನ್ನು ನೋಡಿದ. ಅವನು ಕೆಟ್ಟವನಲ್ಲ. ಗುಣಿ ತೋಡಿದವರು ಹೊಲದ ಬದುವಿನಲ್ಲಿ ಊಟವಿಲ್ಲದೆ ಕೂತಿದ್ದರು.

“ಇನ್ನಾಯ್ತು ಕಣವ್ವ,” ಎಂದು ಹಳದಿ ಸೀರೆಯನ್ನು ತಾನೇ ಕೈಗೆ ತೆಗೆದುಕೊಂಡ. ಶ್ವೇತ ಈ ಸಲ ಕಿತ್ತುಕೊಳ್ಳದೆ ಮತ್ತೆ ಕಂಬದ ಹತ್ತಿರ ಹೋಗಿ ನಿಂತಳು.

ಆಗ ಬೀದಿಯಲ್ಲಿ ಒಂದು ಆಟೊ ನಿಂತಿತು. ಇಳಿದವನಿಗೆ ಎಂಬತ್ತರ ಹತ್ತಿರ ವಯಸ್ಸು. ಬಿಳಿ ಪಂಚೆ, ಕಂಕುಳಲ್ಲಿ ಬಟ್ಟೆ ಅಂಗಡಿಯ ಕವರು. ಆಟೊದವನು ಚಿಲ್ಲರೆ ಕೊಡಲು ಕೂಗುತ್ತಿದ್ದರೂ ಕೇಳದೆ ಶಾಮಿಯಾನದೊಳಗೆ ಬಂದ. ಮರಿಯಯ್ಯ ಯಾರ ಮುಖವನ್ನೂ ನೋಡಲಿಲ್ಲ. ನೆಟ್ಟಗೆ ಕುರ್ಚಿಯ ಮುಂದೆ ಹೋಗಿ ನಿಂತ.

“ಒಂದ್ ಮಾತ್ ಯೋಳ್ದೆ ಓದ್ಯಲ್ಲವ್ವ,” ಎಂದ.

ಚಲುವರಾಜು ಎದ್ದು ಬಂದು, “ಬನ್ನಿ ಭಾವ” ಎಂದು ಕೈ ಹಿಡಿದ.

“ತಡ ಆಯ್ತು ಭಾವ. ಸೀರೆ ತಂದ್ರೆ ಗಿಣಿ ಅಸ್ರು, ಕೆಂಪಂಚೇ ತರ್ಬೇಕು ಅಂದಿದ್ಲು. ಮಳವಳ್ಳೀಲಿ ಎಲ್ಲಾ ಅಂಗ್ಡಿ ತಡುಕ್ದೆ, ಸಿಗ್ನಿಲ್ಲ. ಮದ್ದೂರ್ಗೋಗಿ ತಂದೆ.”

“ಯಾವಾಗ ಅಂದಿದ್ಲು?” ಎಂದ ನಾಗರಾಜು.

“ನಮ್ಮನೆಗ್ ಬಂದಾಗ. ಈಗೊಂದೂವರೆ ತಿಂಗ್ಳಾಯ್ತಲ್ಲ.” ಮರಿಯಯ್ಯ ಮೊದಲ ಸಲ ಸುತ್ತ ನೋಡಿದ. ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. “ನಿಮ್ಗೆ ಯೋಳ್ನಿಲ್ವಾ? ಯೋಳ್ತಾಳಾ ಅವಳು! ಎರಡು ಮುದ್ದೆ ಉಂಡು ಓದ್ಲು.”

“ತಪ್ಪಾಯ್ತು ಅಂದ್ಲಾ ಮಾವ?” ಶ್ವೇತಳ ದನಿ ಸಣ್ಣಗಿತ್ತು.

“ಅವಳ್ ಬಾಯಲ್ಲಿ ಆ ಮಾತಾ?” ಮುದುಕನ ಮುಖದಲ್ಲಿ ನಗು ಬಂದು ಹೋಯಿತು. “ನಾನು ಜಗಲಿ ಮೇಲೆ ಕೂತಿದ್ದೆ. ಅದೇನೋ ಬಿಲ್ಲೆ ಕೈಲಿ ಮಡುಗಿದ್ಲು. ಇದರಲ್ಲೈತೆ, ಆಕ್ಸಿ ನೋಡು ಅಂದ್ಲು. ನಂಗ್ಯಾಕವ್ವ, ಅಲ್ಲಿ ಕೂತಿದ್ದೋನೇ ನಾನಲ್ವಾ ಅಂದೆ. ಆಗ ಮುಂದೆ ಬಂದು ನಿಂತ್ಕಂಡು...”

ಮರಿಯಯ್ಯ ಟವಲಿನಿಂದ ಬಾಯಿ ಒರೆಸಿಕೊಂಡ.

“ನಿಂತ್ಕಂಡು, ‘ಏಳಣ್ಣಯ್ಯ, ಒತ್ತಾಯ್ತು. ಕರಿಯಕ್ ಬಂದಿವ್ನಿ’ ಅಂದ್ಲು.”

ಹೆಂಗಸರಲ್ಲಿ ಯಾರೋ ಬಿಕ್ಕಿದರು. ನಾಗರಾಜು ಹಳದಿ ಸೀರೆಯನ್ನು ಹೆಂಡತಿಯ ಕೈಗೆ ಕೊಟ್ಟು, “ಒಳಗ್ ಮಡುಗು” ಎಂದ.

ಕವರಿನಿಂದ ಸೀರೆ ತೆಗೆದು ಹೊದಿಸಿದರು. ಗಿಳಿ ಹಸಿರು ಅರಿಶಿನದ ಮುಖಕ್ಕೆ ಚೆನ್ನಾಗಿ ಒಪ್ಪಿತು. ಬಣ್ಣದ ವಿಷಯದಲ್ಲಿ ಅಂಕಮ್ಮ ಎಂದೂ ತಪ್ಪಿದವಳಲ್ಲ. ನಾಗರಾಜು ಅಕ್ಕಿಯ ತಟ್ಟೆ ತರಿಸಿ, “ಬಾಯಿಗೆ ಅಕ್ಕಿ ಹಾಕೋರು ಬನ್ನಿ. ಮಗಳು ಮೊದ್ಲು” ಎಂದು ಕರೆದ.

ಶ್ವೇತ ಕಂಬ ಬಿಡಲಿಲ್ಲ. ಇನ್ನೊಂದು ಸಲ ಕರೆದರು. ಯಾರೋ ಹೆಂಗಸು ಅವಳ ಬೆನ್ನಿಗೆ ಕೈ ಹಾಕಿ ತಳ್ಳಲು ನೋಡಿದಳು.

“ಇರ್ರಮ್ಮ, ದಾರಿ ಬುಡಿ,” ಎಂದ ಮರಿಯಯ್ಯ.

ಜನರ ನಡುವೆ ದಾರಿ ಮಾಡಿಕೊಂಡು ಅವಳ ಹತ್ತಿರ ಬಂದ. ಹೆಗಲ ಮೇಲಿನ ಟವಲನ್ನು ಸರಿಮಾಡಿಕೊಂಡ. ನಲವತ್ತೈದು ವರ್ಷದ, ಕಿವಿಯ ಹತ್ತಿರ ಕೂದಲು ನರೆತ ಸೋದರಸೊಸೆಯ ಬಲಗೈಯನ್ನು ಮಣಿಕಟ್ಟಿನ ಹತ್ತಿರ ಹಿಡಿದು, “ಬಾ ಮಗ” ಎಂದ. ಶ್ವೇತ ಕಂಬ ಬಿಟ್ಟು, ಸೆರಗು ತಲೆಯ ಮೇಲೆಳೆದುಕೊಂಡು, ಕಣ್ಣು ತಗ್ಗಿಸಿ ನಡೆದಳು. ಕುರ್ಚಿಯವರೆಗೆ ಹತ್ತು ಹೆಜ್ಜೆಯೂ ಇರಲಿಲ್ಲ. ಮುದುಕ ಒಂದೊಂದನ್ನೂ ಊರಿ ಊರಿ ಇಟ್ಟ. ಯಾರೂ ಅವಸರ ಮಾಡಲಿಲ್ಲ.

ಗೋಡೆಯ ಪಕ್ಕದಲ್ಲಿ ನಿಂತಿದ್ದ ನಿಜಾಮುದ್ದೀನ್, ಅವರಿಬ್ಬರೂ ಎದುರಿಗೆ ಕಾಣುವಂತೆ ಒಂದು ಹೆಜ್ಜೆ ಬಲಕ್ಕೆ ಸರಿದ. ಅವನ ಕೈ ತಾನಾಗಿಯೇ ಒಂದು ಕಾಲದಲ್ಲಿ ಕ್ಯಾಮೆರಾ ಹೊತ್ತ ಹೆಗಲಿನವರೆಗೆ ಎದ್ದಿತು, ಎಡಗಣ್ಣು ಮುಚ್ಚಿಕೊಂಡಿತು.